ಪೂಜೆಗೆ ಮುಂಚಿನ ಗುಳಿಗೆ

ಜೂನ್ 16, ಸೋಮವಾರ

ಈ ಡೈರಿ ಟ್ರಾನ್ಸ್‌ಪೋರ್ಟಿನವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟದ್ದು. ಇಷ್ಟು ದಿನ ಕಪಾಟಿನಲ್ಲಿ ಬಿದ್ದಿತ್ತು. ಇವತ್ತು ಸಾವಂತ್ರವ್ವ ಅದರ ಧೂಳು ಒರೆಸಿ ತಂದು ನನ್ನ ಮಂಚದ ಮೇಲೆ ಇಟ್ಟಳು. "ಮನ್ಯಾಗಿನವರ ಮ್ಯಾಲ ಒದರಾಡೂದೆಲ್ಲಾ ಇದರಾಗ ಬರೀರಿ. ನಮ್ಮ ಕಿವಿಗೂ ಆರಾಮ ಆಗ್ತದ" ಅಂದಳು. ಹೆಂಡತಿ ಗಂಡನಿಗೆ ಆಡುವ ಮಾತೇ ಇದು? ಇರಲಿ, ಬರೆಯುತ್ತೇನೆ. ಈ ಮನೆಯಲ್ಲಿ ತಾಳ್ಮೆ ಯಾರಿಗಿದೆ ಎಂಬುದು ಬರೆದಾದರೂ ಗೊತ್ತಾಗಲಿ.

ಮುಂಜಾನೆ ಪೂಜೆ ಮುಗಿಸಿ ಮಣೆಯಿಂದ ಏಳಹೋದೆ. ಬಲ ಮೊಣಕಾಲು ಟಕ್ ಅಂದು ಹಿಡಿದುಕೊಂಡಿತು. ಮಡಚಿದ್ದು ಮಡಚಿದ ಹಾಗೆಯೇ. ಮಗ ಮಾಂತು ಓಡಿ ಬಂದು ನಮ್ಮ ಅಂಗಡಿಯ ಮೆಣಸಿನಕಾಯಿ ಚೀಲ ಎತ್ತಿದಂತೆ ಎತ್ತಿ ಮಂಚಕ್ಕೆ ಹಾಕಿದ. ಆಮೇಲೆ ದವಾಖಾನೆ, ಎಕ್ಸ್‌ರೇ, ಸ್ಕ್ಯಾನ್. ಕೀಲಿನೊಳಗಿನ ಮೆತ್ತೆ ಹರಿದು ಅದರ ಅಂಚು ನಡುವೆ ಸಿಕ್ಕಿಕೊಂಡಿದೆಯಂತೆ. ಎರಡು ತೂತು ಕೊರೆದು, ದುರ್ಬೀನು ಹಾಕಿ, ಕತ್ತರಿಸಿ ತೆಗೆಯುತ್ತಾರಂತೆ. ಸಣ್ಣ ಆಪರೇಷನ್ ಅಂದರು ಸರ್ಜನ್. ಸಣ್ಣದೇ ಇರಬೇಕು, ಕಾಲು ಅವರದಲ್ಲವಲ್ಲ!

ಅದಕ್ಕೂ ನನಗೆ ಸಿಟ್ಟಿಲ್ಲ. ಹೊರಡುವಾಗ ತಮ್ಮ ಪುಣೆಯ ಮರಾಠಿಯಲ್ಲಿ ಒಂದು ಮಾತು ಅಂದರು ನೋಡಿ, ಅದಕ್ಕೆ ಸಿಟ್ಟು. ಇನ್ನು ಮೇಲೆ ನೆಲಕ್ಕೆ ಕೂರುವುದು ಬಿಡಬೇಕಂತೆ, ಪೂಜೆಯನ್ನು ಕುರ್ಚಿಯ ಮೇಲೆ ಕೂತು ಮಾಡಬೇಕಂತೆ. ಕುರ್ಚಿಯ ಮೇಲೆ ಕೂತು ಕಟಿಂಗ್ ಮಾಡಿಸಿಕೊಳ್ಳುತ್ತಾರೆ, ಪೂಜೆ ಮಾಡುವುದಿಲ್ಲ. ಎಂಟನೆಯ ವಯಸ್ಸಿಗೆ ನನಗೆ ಲಿಂಗದೀಕ್ಷೆ ಆದದ್ದು. ಅಂದಿನಿಂದ ಸ್ನಾನ ಮಾಡಿ, ವಿಭೂತಿ ಧರಿಸಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಒಂದು ಗುಟುಕು ನೀರೂ ಈ ಗಂಟಲಿಗೆ ಇಳಿದಿಲ್ಲ. ಜ್ವರದಲ್ಲೂ ಇಲ್ಲ, ರೈಲಿನಲ್ಲೂ ಇಲ್ಲ. ಸಾವಂತ್ರವ್ವ ಸೊಸೆಯಾಗಿ ಬಂದಾಗ ಅವಳಿಗೂ ಇದನ್ನೇ ಕಲಿಸಿದ್ದೇನೆ.

ಶ್ರಾವಣದ ಮೊದಲ ಸೋಮವಾರ ಮಣೆಯ ಮೇಲೆ ಕೂತೇ ಕೂರುತ್ತೇನೆ ಎಂದು ಸರ್ಜನ್‌ರ ಮುಖಕ್ಕೇ ಹೇಳಿ ಬಂದೆ. ಅವರು ನಕ್ಕರು.

ಜೂನ್ 20, ಶುಕ್ರವಾರ

ಆಪರೇಷನ್ನಿಗೆ ಮೊದಲಿನ ಪರೀಕ್ಷೆಗೆ ರಕ್ತ ಕೊಟ್ಟು ಬರಬೇಕಿತ್ತು. ಇವತ್ತೇ ಊರಿಗೆ ಪಾಲಖಿ, ವಿಠೋಬನ ಭಕ್ತರ ಪಲ್ಲಕ್ಕಿ ಮೆರವಣಿಗೆ. ಅರ್ಧ ರಸ್ತೆ ಬಂದ್, ರಿಕ್ಷಾದವನು ಎಲ್ಲೆಲ್ಲೋ ಸುತ್ತಿಸಿದ. ಜನ ಪಂಢರಪುರದವರೆಗೆ ನಡೆಯುತ್ತಿದ್ದಾರೆ, ನನಗೆ ಎರಡು ಮಹಡಿ ಇಳಿಯುವುದೇ ಯಾತ್ರೆಯಾಗಿದೆ.

ಅದೂ ಇರಲಿ. ಮಾಂತುವಿನ ಹೆಗಲು ಹಿಡಿದು, ಕುಂಟುತ್ತ ಇಳಿದು, ನಾನು ರಿಕ್ಷಾದಲ್ಲಿ ಕೂತರೂ ಸಾವಂತ್ರವ್ವನ ಪತ್ತೆಯಿಲ್ಲ. ತಲೆಯೆತ್ತಿ ನೋಡಿದರೆ ಕಟಕಟೆ ಹಿಡಿದು, ಅಡ್ಡಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿಯುತ್ತಿದ್ದಾಳೆ.

"ಏನಾತು? ನನ್ನ ಕಾಲು ಕೆಟ್ಟದೋ ನಿನ್ನ ಕಾಲೋ?" ಅಂದೆ.

"ಏನಿಲ್ರೀ, ಸ್ವಲ್ಪ ಹಿಡಕೊಂಡದ" ಅಂದಳು.

ರೋಗಿಯನ್ನು ಕಾಯಿಸುವ ಜನ!

ಜೂನ್ 24, ಮಂಗಳವಾರ

ಆಪರೇಷನ್ ಆಯಿತು. ದವಾಖಾನೆಯ ಮಂಚದಲ್ಲೇ ಬರೆಯುತ್ತಿದ್ದೇನೆ.

ಥಿಯೇಟರಿನ ಬಾಗಿಲಲ್ಲಿ ನರ್ಸ್ ಒಬ್ಬಳು ನನ್ನ ಕೊರಳಿಗೆ ಕೈ ಹಾಕಿದಳು. ಬೆಳ್ಳಿಯ ಕರಡಿಗೆ ತೆಗೆಯಬೇಕಂತೆ. ಅದರಲ್ಲಿ ಲಿಂಗ ಇದೆ, ಮೈಮೇಲಿಂದ ತೆಗೆಯುವಂತಿಲ್ಲ ಎಂದು ಒದರಿದೆ, ಕನ್ನಡದಲ್ಲಿ. ಸಿಟ್ಟು ಬಂದರೆ ನನ್ನ ಬಾಯಿಗೆ ಮರಾಠಿ ಬರುವುದಿಲ್ಲ. ಅಷ್ಟರಲ್ಲಿ ಹಸಿರು ಟೊಪ್ಪಿಗೆ ಹಾಕಿದ ಒಬ್ಬ ಹುಡುಗಿ ಒಳಗಿಂದ ಬಂದು, "ಯಾಕ್ರಿ ಕಾಕಾ, ಇಷ್ಟ್ಯಾಕ ಒದರ್ಲಾಕತ್ತೀರಿ?" ಅಂದಳು. ಕಲಬುರ್ಗಿ ಕಡೆಯ ಕನ್ನಡ! ಅರಿವಳಿಕೆ ಕೊಡುವ ಡಾಕ್ಟರಂತೆ, ಹೆಸರು ಮಾಯಾ. ತಂದೆ ಅಂಬಾರಾಯ ಗೌಂಡಿ ಕೆಲಸಕ್ಕೆಂದು ಬಂದವರು, ಇವಳು ಬೆಳೆದದ್ದು ಇಲ್ಲೇ ಪುಣೆಯ ಕೊಂಢವಾದಲ್ಲಿ. ಯಾರ ಪೈಕಿ ಎಂದು ಕೇಳಿದೆ.

"ಸೂಜಿ ಚುಚ್ಚೋರ ಪೈಕಿ ರೀ" ಅಂದಳು. ನಾಲಿಗೆ ಚುರುಕು.

ಆದರೆ ಕೆಲಸ ಬಲ್ಲವಳು. ಸಾವಂತ್ರವ್ವನನ್ನು ಕರೆದು, ಅವಳ ಕೈಯಿಂದಲೇ ಲಿಂಗ ತೆಗೆಸಿ, ದವಾಖಾನೆಯ ಶುದ್ಧ ಬಟ್ಟೆಯಲ್ಲಿ ಸುತ್ತಿ, ನನ್ನ ಎಡತೋಳಿಗೆ ಕಟ್ಟಿಸಿದಳು. ಬರೀ ಬೆಳ್ಳಿಯ ಕರಡಿಗೆ ಹೊರಗೆ ಉಳಿಯಿತು. ಆಮೇಲೆ ತೊಡೆಯ ಹತ್ತಿರ ಸೂಜಿ. ಪಕ್ಕದ ಟಿವಿಯಲ್ಲಿ ನನ್ನ ತೊಡೆಯ ಒಳಗಿನದು ಕಾಣುತ್ತಿತ್ತು. "ನರದ ಪಕ್ಕಕ್ಕ ಮದ್ದು ಬಿಡತೀನ್ರಿ. ಕಾಲಿನ ನೋವು ಮ್ಯಾಲಕ್ಕ ಸುದ್ದಿ ಮುಟ್ಟಸೂದಿಲ್ಲ. ನಾಳಿ ಮುಂಜಾನಿತನಾ ಕಾಲು ಜೋಮು ಹಿಡದಿರತದ. ಒಬ್ಬರ ಇಳದು ನಿಂದರಬ್ಯಾಡ್ರಿ, ಬೀಳತೀರಿ. ಮತ್ತ ಗುಳಿಗಿ ಬಿಡಬ್ಯಾಡ್ರಿ, ನೋವು ಇಲ್ಲಂದ್ರೂ ತಗೋರಿ. ಜೋಮು ಇಳ್ಯೂಕಿಂತ ಮೊದಲ ಗುಳಿಗಿ ಹೊಟ್ಟ್ಯಾಗಿರಬೇಕು" ಎಂದಳು. ಹೂಂ ಅಂದೆ.

ಈಗ ಸಂಜೆ. ನೋವು ಎಂಬುದರ ಹೆಸರಿಲ್ಲ. ಕಾಲು ಚಿವುಟಿದರೆ ಗೊತ್ತಾಗುವುದಿಲ್ಲ. ಯಾರೋ ತಮ್ಮ ಕಾಲನ್ನು ನನ್ನ ಹಾಸಿಗೆಯಲ್ಲಿ ಮರೆತು ಹೋದಂತಿದೆ. ನರ್ಸ್ ರಾತ್ರಿಗೊಂದು, ಬೆಳಗಿನ ಜಾವಕ್ಕೊಂದು ಗುಳಿಗೆ ಕೊಟ್ಟಳು. ನೋವಿಲ್ಲದವನಿಗೆ ನೋವಿನ ಗುಳಿಗೆ ಏಕೆ? ಎರಡನ್ನೂ ದಿಂಬಿನ ಕೆಳಗೆ ಇಟ್ಟಿದ್ದೇನೆ. ಬೆಳಗಿನ ಜಾವದ್ದಂತೂ ದೂರದ ಮಾತು, ಪೂಜೆಗೆ ಮೊದಲು ನೀರು ಕುಡಿಯುವುದೆಂದರೇನು?

ಸಾವಂತ್ರವ್ವನಿಗೆ ಕೆಳಗೆ ಚಾಪೆ ಹಾಸಿಕೊಂಡು ಮಲಗು ಎಂದರೆ ಕೇಳಲಿಲ್ಲ. ಬೆಂಚಿನ ಮೇಲೆ ಅರ್ಧ ಕೂತು ಅರ್ಧ ಮಲಗಿದ್ದಾಳೆ. ಪುಣೆಗೆ ಬಂದ ಮೇಲೆ ಇವಳಿಗೆ ನೆಲ ಸೇರುವುದಿಲ್ಲ.

ಜೂನ್ 25, ಬುಧವಾರ

ಶಿವನೇ.

ಜೂನ್ 26, ಗುರುವಾರ

ನಿನ್ನೆ ಬರೆಯಲು ಆಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾಯಿತು. ಮರೆತು ಹೋದವರು ತಮ್ಮ ಕಾಲನ್ನು ವಾಪಸ್ ಒಯ್ದು, ನನ್ನದನ್ನು ಕೆಂಡದಲ್ಲಿ ಹೊರಳಿಸಿ ತಂದಿಟ್ಟಿದ್ದರು. ಮೊದಲು ಚುರುಚುರು, ಆಮೇಲೆ ಒಮ್ಮೆಲೇ ಪೂರ್ತಿ. ಒದರಿದ್ದು ಕೆಳಗಿನ ಔಷಧಿ ಅಂಗಡಿಯವರೆಗೆ ಕೇಳಿಸಿತಂತೆ, ಮಾಂತು ಹೇಳಿದ. ಹೇಳಲೇಬೇಕಿತ್ತೇ?

ಸಾವಂತ್ರವ್ವ ಗುಳಿಗೆ, ನೀರು ಹಿಡಿದು ನಿಂತಳು. ಪೂಜೆ ಆಗಲಿ ಎಂದೆ. ಅವಳು ಬಿಸಿನೀರು ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಲಿಂಗ ಕೊಟ್ಟಳು. ಮಂತ್ರ ಅರ್ಧ, ಒದರಾಟ ಅರ್ಧ, ಹೇಗೋ ಪೂಜೆ ಮುಗಿಯಿತು. ಆಮೇಲೆ ನುಂಗಿದ ಗುಳಿಗೆ ಕೆಲಸ ಶುರು ಮಾಡುವಷ್ಟರಲ್ಲಿ ನನ್ನ ಜೀವ ಹೈರಾಣ.

ಡಾಕ್ಟರ್ ಮಾಯಾ ಬಂದು ದಿಂಬೆತ್ತಿದಳು. ಎರಡು ಗುಳಿಗೆಯಲ್ಲಿ ಒಂದು ಇನ್ನೂ ಅಲ್ಲೇ ಇತ್ತು. "ಕಾಕಾ, ನನ್ನ ಮದ್ದು ಬಿಡೂದಕ್ಕ, ಈ ಗುಳಿಗಿ ಹಿಡ್ಯೂದಕ್ಕ ಸರಿ ಹೋಗಬೇಕಿತ್ತು. ನಡುವ ನೀವ ಜಾಗಾ ಬಿಟ್ರಿ, ನೋವು ಬಂದು ಕುಂತಿತು" ಅಂದಳು. ತಪ್ಪು ನರ್ಸಿನದು ಎಂದೆ. ನರ್ಸ್ ಗಟ್ಟಿಯಾಗಿ ಹೇಳಬೇಕಿತ್ತು.

ಜೂನ್ 29, ಭಾನುವಾರ

ಮನೆ. ಮಾಂತು ಒಂದು ಗಂಟೆ ತಂದುಕೊಟ್ಟಿದ್ದಾನೆ. ಬೇಕಾದಾಗ ಬಾರಿಸಬೇಕು. ಬಾರಿಸುತ್ತೇನೆ. ಅಡುಗೆಮನೆಯಿಂದ ಈ ಕೋಣೆಗೆ ಹತ್ತು ಹೆಜ್ಜೆ ಇಲ್ಲ. ಸಾವಂತ್ರವ್ವ ಬರುವುದರೊಳಗೆ ನನಗೆ ಏನು ಬೇಕಿತ್ತು ಎಂಬುದೇ ಮರೆತು ಹೋಗುತ್ತದೆ. ಗೋಡೆಗೆ ಕೈ ಹಚ್ಚಿಕೊಂಡು, ಮೆರವಣಿಗೆ ಬಂದಂತೆ ಬರುತ್ತಾಳೆ. ನಿಧಾನ ಯಾಕೆಂದರೆ, "ಬಂದೆನಲ್ರೀ."

ಪೂಜೆ ಮಂಚದ ಮೇಲೆ ಕಾಲು ಚಾಚಿಕೊಂಡೇ ನಡೆದಿದೆ. ಇದು ಪೂಜೆಯೇ? ಶಿವ ಎಣಿಕೆಗೆ ಹಿಡಿಯುತ್ತಾನೋ ಇಲ್ಲವೋ.

ಜುಲೈ 3, ಗುರುವಾರ

ವ್ಯಾಯಾಮ ಮಾಡಿಸಲು ಸ್ವಪ್ನಿಲ್ ಎಂಬುವನು ಬರುತ್ತಾನೆ. ಮುಖದಲ್ಲಿ ಸದಾ ನಗು. ಮೊಣಕಾಲು ಮಡಚಿಸುತ್ತ "ಅಜೂನ್ ಥೋಡಂ, ಕಾಕಾ" ಎನ್ನುತ್ತಾನೆ. ಇನ್ನೊಂಚೂರು ಅಂತೆ. ಅವನ ಇನ್ನೊಂಚೂರು ಮುಗಿಯುವುದೇ ಇಲ್ಲ. ಶ್ರಾವಣ ಸೋಮವಾರಕ್ಕೆ ಮಣೆಯ ಮೇಲೆ ಕೂರಬೇಕು ಎಂದು ಹೇಳಿದ್ದರಿಂದ ಸಹಿಸಿಕೊಂಡಿದ್ದೇನೆ.

ಜುಲೈ 9, ಬುಧವಾರ

ಇವತ್ತು ಗಂಟೆ ಎಷ್ಟು ಬಾರಿಸಿದರೂ ಯಾರೂ ಬರಲಿಲ್ಲ. ವಾಕರ್ ಹಿಡಿದು ನಾನೇ ಅಡುಗೆಮನೆಗೆ ಹೋದೆ, ಬೈಯಲೆಂದು.

ಸಾವಂತ್ರವ್ವ ಹಿಟ್ಟಿನ ಡಬ್ಬಿಯ ಮೇಲೆ ಕೂತಿದ್ದಳು. ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದ್ದಳು. ಪೂಜೆಯ ನಡುವೆ ಮಾತಾಡಿಸುವಂತಿಲ್ಲ. ಬೈಗುಳ ಬಾಯಲ್ಲಿ ಹಿಡಿದುಕೊಂಡು ನಿಂತೆ. ನಿಂತವನು ಮಾಡುವುದಾದರೂ ಏನು, ನೋಡುತ್ತ ನಿಂತೆ. ಎಡಗಾಲನ್ನು ಮುಂದಕ್ಕೆ ಚಾಚಿದ್ದಳು. ಸೀರೆ ಮೇಲೆ ಸರಿದಿತ್ತು. ಮೊಣಕಾಲಿಗೆ ಹಳೆಯ ಪಂಚೆಯ ತುಂಡು ಬಿಗಿದು ಕಟ್ಟಿದ್ದಳು, ನನ್ನದೇ ಪಂಚೆ. ಕಟ್ಟಿನ ಮೇಲೂ ಕೆಳಗೂ ಬಾವು. ಡಬ್ಬಿಯ ಮುಚ್ಚಳ ನಡುವೆ ತಗ್ಗಾಗಿತ್ತು. ಒಂದೆರಡು ದಿನ ಕೂತರೆ ತಗಡು ಹಾಗೆ ತಗ್ಗುವುದಿಲ್ಲ.

ಕಣ್ಣು ತೆರೆದಾಗ ಕೇಳಿದೆ. "ಇದೇನ ಇದು? ಡಬ್ಬಿ ಮ್ಯಾಲ ಕುಂತು ಪೂಜಾ?"

"ಮತ್ತೇನ ಮಾಡ್ಲಿ? ನೆಲಕ್ಕ ಕುಂತ್ರ ಎಬ್ಬಸಾಕ ಯಾರ ಬರ್ತಾರ?"

"ಯಾವಾಗಿಂದ?"

"ಮಾಂತುನ ಕಾಲೇಜ ಮುಗೀತಲ್ರೀ, ಆ ವರ್ಷದಿಂದ."

ಮಾಂತುವಿನ ಕಾಲೇಜು ಮುಗಿದು ಅವನ ಕೂದಲು ತೆಳ್ಳಗಾಗುತ್ತ ಬಂತು. ಮನೆಯ ಯಜಮಾನನಿಗೆ ಒಂದು ಮಾತು ಹೇಳಬಾರದೇ? ಹಟಮಾರಿ. ನನ್ನ ಬೈಗುಳ ಯಾವುದು ಎಂಬುದೇ ಮರೆತು ಹೋಗಿತ್ತು. ವಾಪಸ್ ಬಂದೆ.

ಜುಲೈ 10, ಗುರುವಾರ

ಗಂಟೆಯ ಸದ್ದು ತಲೆನೋವು ತರುತ್ತದೆ. ಮಾಂತುವಿಗೆ ಎತ್ತಿಡಲು ಹೇಳಿದೆ.

ಜುಲೈ 15, ಮಂಗಳವಾರ

ಸ್ವಪ್ನಿಲ್ ಬಂದ ಕೂಡಲೇ ಮೊದಲು ಇವಳ ಕಾಲು ನೋಡು ಎಂದೆ. "ನನಗೇನಾಗೇದ, ರೊಟ್ಟಿ ಹಂಚಿನ ಮ್ಯಾಲ ಅದ" ಎಂದು ಏಳಹೋದಳು. ರೊಟ್ಟಿ ಹೊತ್ತಿದರೆ ಹೊತ್ತಲಿ ಎಂದು ಕೂರಿಸಿದೆ. ಅವನು ಕೀಲನ್ನು ಒತ್ತಿ ದುಖ್ತಂ ಕಾ, ನೋಯುತ್ತದೆಯಾ ಎಂದು ಕೇಳಿದ. "ಸ್ವಲ್ಪ" ಅಂದಳು. ಇನ್ನೊಂದು ಕಡೆ ಒತ್ತಿದ. "ಸ್ವಲ್ಪ." ಸೆರಗಿನ ತುದಿ ಹಲ್ಲಿನಲ್ಲಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಸದಾ ನಗುವ ಸ್ವಪ್ನಿಲ್ ಇವತ್ತು ನಗಲಿಲ್ಲ. ಬೇಗ ಸರ್ಜನ್‌ರಿಗೆ ತೋರಿಸಿ ಎಂದ.

ನನಗೆ ಇರುವೆ ಕಚ್ಚಿದರೂ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತದೆ. ಇವಳದು ಯಾರಿಗೂ ಗೊತ್ತಾಗದಂತೆ ಇಟ್ಟುಕೊಂಡಿದ್ದಾಳೆ. ಇಂಥವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ?

ಹೊತ್ತಿದ ರೊಟ್ಟಿಯನ್ನು ನಾನೇ ತಿಂದೆ.

ಜುಲೈ 18, ಶುಕ್ರವಾರ

ಸರ್ಜನ್ ಸಾವಂತ್ರವ್ವನ ಕಾಲಿನ ಎಕ್ಸ್‌ರೇ ಫೋಟೋ ನೋಡಿದರು. ಕೀಲಿನೊಳಗೆ ಎಲುಬಿನ ಒಂದು ಚೂರು ಕಳಚಿ ತಿರುಗಾಡುತ್ತಿದೆಯಂತೆ, ತೊಗರಿಕಾಳಿನಷ್ಟು. ಅದು ಸಿಕ್ಕಿಕೊಂಡಾಗಲೆಲ್ಲ ಕಾಲು ಹಿಡಿಯುತ್ತದಂತೆ. ಮೆಟ್ಟಿಲಲ್ಲಿ ಹಿಡಿದರೆ ಬೀಳುವುದೇ ಎಂದರು. ಅದೇ ಸಣ್ಣ ಆಪರೇಷನ್. "ಇವರು ನಡೆದಾಡುತ್ತಿದ್ದದ್ದೇ ಆಶ್ಚರ್ಯ" ಎಂದು ನನ್ನನ್ನು ನೋಡಿದರು. ನನ್ನನ್ನು ಯಾಕೆ ನೋಡಬೇಕು?

ಅವರಿಗೆ ಬಿಡುವು ಇರುವುದು 27ರ ಭಾನುವಾರ, ಇಲ್ಲದಿದ್ದರೆ ಗಣಪತಿ ಹಬ್ಬ ಮುಗಿದ ಮೇಲೆ. ಹಬ್ಬ ಆಗಲಿ ಎಂದಳು. ನಾನು 27ಕ್ಕೆ ಹೆಸರು ಬರೆಸಿ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಮಾಂತು ಹೇಳಿದ. "ಅಪ್ಪಾ, ಮರುದಿನಾನ ಶ್ರಾವಣ ಸೋಮವಾರ. ನೀವು ಮಣಿ ಮ್ಯಾಲ ಕೂಡ್ತೀನಿ ಅಂದಿದ್ರಿ."

"ಸೋಮವಾರ ಮುಂದಿನ ವಾರನೂ ಬರ್ತದ, ಉಣ್ಣು ಸುಮ್ಮ" ಎಂದೆ. ಈಗಿನ ಹುಡುಗರಿಗೆ ಎಲ್ಲದರಲ್ಲೂ ಬಾಯಿ.

ಜುಲೈ 21, ಸೋಮವಾರ

ಮೂರು ದಿನದಿಂದ ಒಂದೇ ಜಗಳ. ಒಲ್ಲೆ ಎನ್ನುತ್ತಾಳೆ. ಯಾಕೆ ಎಂದರೆ ಬಾಯಿ ಬಿಡುವುದಿಲ್ಲ. ಇವತ್ತು ಬಿಟ್ಟಳು.

"ಅವತ್ತ ನೀವು ಒದರಿದ್ದು ಇನ್ನೂ ನನ್ನ ಕಿವ್ಯಾಗ ಅದ. ನನಗ ಅಷ್ಟು ತಡಕೊಳ್ಳಾಕ ಆಗೂದಿಲ್ಲ."

"ನಾ ಗುಳಿಗಿ ನುಂಗಿರಲಿಲ್ಲ, ಅದಕ್ಕ ಒದರಿದೆ. ನುಂಗಿದ್ರ ಆಗ್ತಿರ್ಲಿಲ್ಲ."

"ಮತ್ತ ಅವತ್ತ ನರ್ಸಿಗೆ ಯಾಕ ಬೈದ್ರಿ?"

ಇಂಥ ಹೆಂಗಸಿನ ಜೊತೆ ವಾದ ಮಾಡುವುದು ಬುದ್ಧಿವಂತರ ಕೆಲಸವಲ್ಲ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಿಸುವ ಜವಾಬ್ದಾರಿ ನನ್ನದು ಎಂದೆ. ಅವಳು "ಆತು" ಅಂದಳು.

ಜುಲೈ 24, ಗುರುವಾರ, ಅಮಾವಾಸ್ಯೆ

ಇವತ್ತು ಮಣೆಯ ಮೇಲೆ ಕೂತೆ! ಪೂರ್ತಿ ಚಕ್ಕಳಮಕ್ಕಳ ಅಲ್ಲ, ಬಲಗಾಲು ಸಡಿಲ, ಕೆಳಗೆ ದಿಂಬು. ಆದರೂ ನೆಲ. ಸರ್ಜನ್ ನಕ್ಕದ್ದು ನೆನಪಾಯಿತು. ಆಗಬೇಕಾದಷ್ಟು ಸಂತೋಷ ಯಾಕೋ ಆಗಲಿಲ್ಲ. ಪೂಜೆಯ ನಡುವೆ ಅಡುಗೆಮನೆಯಲ್ಲಿ ಡಬ್ಬಿಯ ತಗಡು ಕಿರ್ ಎಂದದ್ದು ಎರಡು ಸಲ ಕೇಳಿಸಿತು. ಮನಸ್ಸು ನಿಲ್ಲಲಿಲ್ಲ.

ಮಾಂತುವಿಗೆ ಒಂದು ಒಳ್ಳೆಯ ಕುರ್ಚಿ ತಾ ಎಂದಿದ್ದೇನೆ, ಕೈ ಇರುವಂಥದ್ದು. ಡಬ್ಬಿಯ ಮೇಲೆ ಕೂತು ಪೂಜೆ ಮಾಡುವುದು ಸರಿಯಲ್ಲ.

ಜುಲೈ 27, ಭಾನುವಾರ

ಆಪರೇಷನ್ ಸುಸೂತ್ರ. ಥಿಯೇಟರಿನ ಬಾಗಿಲಲ್ಲಿ ಡಾಕ್ಟರ್ ಮಾಯಾ ನನ್ನನ್ನು ನೋಡಿ, "ಇವತ್ತ ಯಾರ ಒದರೋರು?" ಅಂದಳು. ಸಾವಂತ್ರವ್ವನ ಲಿಂಗವನ್ನು ನಾನೇ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದೆ. ಗಂಟು ಬಿಗಿಯಾಯಿತೇನೋ ಎಂದು ಎರಡು ಸಲ ಬಿಚ್ಚಿ ಕಟ್ಟಿದೆ. ಕರಡಿಗೆ ನನ್ನ ಅಂಗಿಯ ಜೇಬಿನಲ್ಲಿತ್ತು. ಅವಳನ್ನು ಹೊರಗೆ ಕರೆತರುವವರೆಗೂ ಅದರ ಮೇಲಿನ ಕೈ ತೆಗೆಯಲಿಲ್ಲ. ಬೇರೆ ಕೆಲಸವೂ ಇರಲಿಲ್ಲವಲ್ಲ.

ಈಗ ಅವಳ ಕಾಲೂ ಜೋಮು ಹಿಡಿದಿದೆ. ತಾನೇ ಮುಟ್ಟಿ ನೋಡಿಕೊಂಡು, "ಎಷ್ಟ ವರ್ಷಾದ ಮ್ಯಾಲ ಈ ಕಾಲು ಸುಮ್ಮ ಆತು ನೋಡ್ರಿ" ಎಂದಳು. ಆ ಮಾತಿಗೆ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮಲಗುವ ಮುಂಚಿನ ಗುಳಿಗೆಯನ್ನು ನುಂಗಿಸಿದೆ. ಬಾಯಿ ತೆರೆಸಿ ನೋಡಿದೆ. ಬೆಳಗಿನ ಜಾವದ್ದು ನನ್ನ ಜೇಬಿನಲ್ಲಿದೆ, ದಿಂಬಿನ ಕೆಳಗಲ್ಲ. ಮಾಂತುವನ್ನು ಮನೆಗೆ ಕಳಿಸಿ ನಾನೇ ಉಳಿದಿದ್ದೇನೆ. ಈ ಬೆಂಚಿನ ಮೇಲೆ ಮನುಷ್ಯರು ಮಲಗುತ್ತಾರೆಯೇ?

ಜುಲೈ 28, ಶ್ರಾವಣ ಸೋಮವಾರ

ಕತ್ತಲು ಹರಿಯುವ ಮೊದಲೇ ಎಬ್ಬಿಸಿದೆ. ಗುಳಿಗೆ, ಲೋಟದಲ್ಲಿ ನೀರು. ಅವಳು ತುಟಿ ಬಿಗಿದಳು.

"ಜಳಕಾ ಇಲ್ಲ, ಪೂಜಾ ಇಲ್ಲ. ಸೋಮವಾರ ಬ್ಯಾರೆ, ಶ್ರಾವಣ ಬ್ಯಾರೆ. ಹ್ಯಾಂಗ ಕುಡ್ಯೂದ್ರೀ?"

"ಡಾಕ್ಟರ್ ಹೇಳ್ಯಾರ."

"ನಿಮಗೂ ಹೇಳಿದ್ರು."

"ಅವತ್ತ ನಾ ಹುಚ್ಚ ಇದ್ದೆ, ಇವತ್ತ ನೀ ಹುಚ್ಚಿ ಆಗಬ್ಯಾಡ."

"ನೀವ ಕಲಿಸಿದ್ದು. ಈ ಮನಿಗೆ ಬಂದಾಗಿಂದ ಒಂದಿನ ತಪ್ಪಿಲ್ಲ. ಕಾಲಿಗೋಸ್ಕರ ತಪ್ಪಸ್ಲೇನು?"

ಬಿಸಿನೀರು ತರಬೇಕೆಂದು ಹೊರಗೆ ಹೋದೆ. ಗೀಸರ್ ಇನ್ನೂ ಕಾದಿರಲಿಲ್ಲ. ಈ ದವಾಖಾನೆಯಲ್ಲಿ ಯಾವುದೂ ಹೊತ್ತಿಗೆ ಆಗುವುದಿಲ್ಲ. ತಿರುಗಿ ಬರುವಷ್ಟರಲ್ಲಿ ಅವಳು ಹೆಬ್ಬೆರಳು ಅಲ್ಲಾಡಿಸುತ್ತಿದ್ದಳು. "ಚುರುಚುರು ಅನ್ನಾಕತ್ತೇದ್ರಿ" ಎಂದು ನಕ್ಕಳು. ಆ ಚುರುಚುರು ನನಗೆ ಗೊತ್ತು. ಅದರ ಹಿಂದೆ ಬರುವುದೂ ಗೊತ್ತು. ಇವಳು ಒದರುವವಳೂ ಅಲ್ಲ. ಸೆರಗು ಕಚ್ಚಿಕೊಂಡು ಸುಮ್ಮನೆ ಮಲಗುತ್ತಾಳೆ, ಎದುರಿಗೆ ಬೆಂಚಿನಲ್ಲಿ ಕೂತ ನನಗೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಹಾಗೆಯೇ ಆದದ್ದು. ನನಗೆ ಹೆದರಿಕೆಯಾಯಿತು.

ಲೋಟ ಎತ್ತಿ ನಾನು ಒಂದು ಗುಟುಕು ಕುಡಿದೆ.

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಏನ ಮಾಡಿದ್ರೀ?"

"ನನ್ನದು ಕೆಟ್ಟಿತು. ಈಗ ನೀ ಒಬ್ಬಾಕಿ ಮಡಿ ಹಿಡದು ಏನ ಮಾಡ್ತಿ? ನುಂಗು."

ಬಾಯಿಂದ ಕೈ ತೆಗೆದಳು. ಆಮೇಲೆ ಬಾಯಿ ತೆರೆದಳು. ಗುಳಿಗೆ ಹಾಕಿ ಅದೇ ಲೋಟದ ನೀರು ಕುಡಿಸಿದೆ. ಬರೀ ನಲ್ಲಿಯ ನೀರು, ಕ್ಲೋರಿನ್ ವಾಸನೆ. ಎಂಟು ವರ್ಷದವನಿದ್ದಾಗಿನಿಂದ ಕಾಪಾಡಿಕೊಂಡು ಬಂದದ್ದು ಇಂಥ ನೀರಿಗೆ ಹೋಯಿತು. ಏನು ಮಾಡುವುದು, ಇಂಥ ಹಟಮಾರಿಯನ್ನು ಕಟ್ಟಿಕೊಂಡರೆ ಇಷ್ಟೇ.

ಗೀಸರ್ ಕಾದ ಮೇಲೆ ಮೈ ಒರೆಸಿ, ವಿಭೂತಿ ಹಚ್ಚಿ, ಅವಳ ಅಂಗೈಗೆ ಲಿಂಗ ಕೊಟ್ಟೆ. ನಾನು ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನ್ನದನ್ನು ಮಾಡಿದೆ. ಒಂದೇ ಬಿಲ್ವಪತ್ರಿ ಇತ್ತು, ಎಸಳು ಬಿಡಿಸಿ ಹಂಚಿಕೊಂಡೆವು.

ಬಿಸಿಲೇರುವಾಗ ಕಾಲಿಗೆ ಪೂರ್ತಿ ಸ್ಪ‌ರ್ಶ ಬಂತು. ಕೂಗಲಿಲ್ಲ, ಸೆರಗೂ ಕಚ್ಚಲಿಲ್ಲ. ನೋವು ಇದೆಯೇ ಎಂದು ಕೇಳಿದೆ.

"ಸ್ವಲ್ಪ" ಎಂದಳು.

ಇವಳ ಸ್ವಲ್ಪವನ್ನು ನಾನು ಇನ್ನು ನಂಬುವುದಿಲ್ಲ. ಕರೆಗಂಟೆ ಒತ್ತಿದೆ. ನರ್ಸ್ ಬರಲಿಲ್ಲ. ಈ ದವಾಖಾನೆಯಲ್ಲಿ ಒಬ್ಬರಿಗೂ ಅವಸರ ಎಂಬುದಿಲ್ಲ. ನಾನೇ ಗೋಡೆಗೆ ಕೈ ಹಚ್ಚಿಕೊಂಡು ಕರೆಯಲು ಹೋದೆ.